ಜುಲೈ 17ರ ಸಂಜೆ ಹೋದ ಹಣ, ಅದರ ಹಿಂದೆ ಅಲೆದ ಎಂಟು ತಿಂಗಳು

ಮೊನ್ನೆ ಮಾರ್ಚ್ 12ರಂದು ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದೆ. ಕಳೆದ ಜುಲೈನಲ್ಲಿ ಫೋನಿನ ಮೋಸಕ್ಕೆ ಸಿಕ್ಕಿ ಮುಕ್ಕಾಲು ಗಂಟೆಯೊಳಗೆ ಕೈಬಿಟ್ಟು ಹೋಗಿದ್ದ ಹಣದ ಕೊನೆಯ ಕಂತು ಎಂಟು ತಿಂಗಳ ಮೇಲೆ ಬಂದು ಕೂತಿದೆ. ಪೂರ್ತಿ ಬಂದಿಲ್ಲ. ಬಂದಷ್ಟಾದರೂ ಬಂತಲ್ಲ ಅಂತ ದೇವರ ಮುಂದೆ ದೀಪ ಹಚ್ಚಿದೆ.

ಈ ಎಂಟು ತಿಂಗಳಲ್ಲಿ ಯಾರನ್ನು ಕೇಳಬೇಕು, ಯಾವ ಕಾಗದ ಬೇಕು ಅಂತ ನಮ್ಮ ಭಾಷೆಯಲ್ಲಿ ಹೇಳುವವರು ಸಿಗದೆ ನಾವಿಬ್ಬರೂ ತುಂಬ ಒದ್ದಾಡಿದೆವು. ಮಕ್ಕಳು ಬೇರೆ ಊರಲ್ಲಿದ್ದು, ಮನೆಯಲ್ಲಿ ಹಿರಿಯರಿಬ್ಬರೇ ಇರುವ ಕನ್ನಡದ ಮನೆಗಳು ಮುಂಬಯಿಯಲ್ಲಿ ಎಷ್ಟೋ ಇವೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಮುಲುಂಡಿನಲ್ಲಿ. ನಾನು ಪಾಲಿಕೆಯ ಕನ್ನಡ ಶಾಲೆಯಲ್ಲಿ 29 ವರ್ಷ ಪಾಠ ಹೇಳಿ ರಿಟೈರ್ ಆದವಳು. ಯಜಮಾನರು ಮಾಟುಂಗಾದ ಒಂದು ಹೋಟೆಲಿನಲ್ಲಿ ಗಲ್ಲೆಯಲ್ಲಿ ಕೂತು ದುಡಿದವರು. ಮಗಳು ಪುಣೆಯಲ್ಲಿ. ನನ್ನ ಗ್ರಾಚ್ಯುಟಿಯ ಹಣದಲ್ಲಿ 3 ಲಕ್ಷ ಎಫ್‌ಡಿ ಇಟ್ಟಿದ್ದೆ. ಇವರಿಗೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಮತ್ತೆ ಆಸ್ಪತ್ರೆ ಅಂತಾದರೆ ಇರಲಿ ಅಂತಲೇ ಇಟ್ಟ ಹಣ ಅದು.

2025ರ ಜುಲೈ 17, ಗುರುವಾರ. ಬೆಳಗಿನಿಂದ ಮಳೆ. ನಾಲ್ಕೂವರೆ ಹೊತ್ತಿಗೆ ಮೆಸೇಜ್ ಬಂತು. ಹಿಂದಿನ ತಿಂಗಳ ಗ್ಯಾಸ್ ಬಿಲ್ ಅಪ್‌ಡೇಟ್ ಆಗಿಲ್ಲ, ರಾತ್ರಿ 9:30ಕ್ಕೆ ಕನೆಕ್ಷನ್ ಕಟ್ ಮಾಡುತ್ತೇವೆ, ಕೂಡಲೇ ಈ ಅಧಿಕಾರಿಗೆ ಫೋನ್ ಮಾಡಿ. ನಮ್ಮ ಸೊಸೈಟಿಗೆ ಪೈಪ್ ಗ್ಯಾಸ್ ಇದೆ. ಸಿಲಿಂಡರ್ ಬಿಟ್ಟು ಹತ್ತು ವರ್ಷವಾಯಿತು. ರಾತ್ರಿ ಒಲೆ ಉರಿಯದಿದ್ದರೆ ಏನು ಮಾಡುವುದು ಅಂತ ಗಾಬರಿಯಾಯಿತು. ಆ ಗಾಬರಿಯಲ್ಲೇ ಫೋನ್ ಮಾಡಿದೆ.

ಮಾತಾಡಿದವನು ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದ. ಬಿಲ್ ಕಟ್ಟಿದ್ದೇನಪ್ಪ ಅಂದೆ. "ಕಟ್ಟಿದ್ದೀರಿ ಮಾವಶಿ, ಸಿಸ್ಟಮ್‌ನಲ್ಲಿ ಏರಿಲ್ಲ. ಮೀಟರ್ ನಂಬರ್ ಓದಿ ಹೇಳಿ" ಅಂದ. ಮೀಟರ್ ಅಡುಗೆಕಟ್ಟೆಯ ಕೆಳಗೆ, ಗೋಡೆ ಮೂಲೆಯಲ್ಲಿದೆ. ಡಬ್ಬಿಗಳನ್ನು ಸರಿಸಿ, ಮಂಡಿಯೂರಿ, ಟಾರ್ಚ್ ಹಿಡಿದು, ಧೂಳು ಒರೆಸಿ ಒಂದೊಂದೇ ಅಂಕಿ ಓದಿದೆ. ಅವನು ಅತ್ತಲಿಂದ ಒಂದೊಂದನ್ನೂ ತಿರುಗಿ ಹೇಳಿದ. ಮೀಟರ್ ನಂಬರ್ ಕೇಳುವವನು ಗ್ಯಾಸಿನವನೇ ಇರಬೇಕು ಅಂತ ನನಗೆ ಪೂರ್ತಿ ನಂಬಿಕೆ ಬಂದದ್ದು ಅಲ್ಲೇ. ಆ ನಂಬರ್ ಅವನಿಗೆ ಏನಕ್ಕೂ ಬೇಕಿರಲಿಲ್ಲ. ನನ್ನನ್ನು ಕೆಲಸಕ್ಕೆ ಹಚ್ಚಿ, ಯೋಚನೆ ಮಾಡದ ಹಾಗೆ ಇಡುವುದಷ್ಟೇ ಬೇಕಿತ್ತು.

ಆಮೇಲೆ ವಾಟ್ಸಾಪ್‌ನಲ್ಲಿ ಒಂದು ಫೈಲ್ ಬಂತು. ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇತ್ತು. ಒತ್ತಿದಾಗ ಇದು ಹಾನಿ ಮಾಡಬಹುದು ಅಂತ ಫೋನೇ ಎಚ್ಚರಿಸಿತು. "ಅದು ಎಲ್ಲಕ್ಕೂ ಹಾಗೇ ತೋರಿಸುತ್ತದೆ, ಅಲೋ ಒತ್ತಿ" ಅಂದ. ಒತ್ತಿದೆ. ಗ್ಯಾಸ್ ಕಂಪನಿಯ ಗುರುತಿದ್ದ ಒಂದು ಪುಟ ತೆರೆಯಿತು. 12 ರೂಪಾಯಿ ಕಟ್ಟಬೇಕು ಅಂತಿತ್ತು. ಕಾರ್ಡ್ ನಂಬರ್, ತಾರೀಕು, ಪಿನ್ ಹಾಕಿದೆ. ಆ 12 ರೂಪಾಯಿ ಹೋಗಲೇ ಇಲ್ಲ. "ಸರ್ವರ್ ನಿಧಾನ ಇದೆ, ಫೋನ್ ಮುಟ್ಟಬೇಡಿ" ಅಂತ ಲೈನಿನಲ್ಲೇ ಇದ್ದು ಮಳೆಯ ಮಾತು, ಟ್ರೇನಿನ ಮಾತು ಆಡುತ್ತಿದ್ದ.

ಎಪಿಕೆ ಅಂದರೆ ಪ್ಲೇ ಸ್ಟೋರ್‌ಗೆ ಹೋಗದೆ ನೇರವಾಗಿ ಫೋನಿಗೆ ಹಾಕುವ ಆ್ಯಪಿನ ಕಡತ. ಮದುವೆ ಕರೆಯೋಲೆ, ಟ್ರಾಫಿಕ್ ಚಲನ್, ಬ್ಯಾಂಕ್ ಕೆವೈಸಿ ಅಂತೆಲ್ಲ ಹೆಸರಿಟ್ಟು ಇದನ್ನೇ ಕಳಿಸುತ್ತಾರೆ. ಒಳಗೆ ಹೋಗಿ ಕೂತರೆ ನಮಗೆ ಬರುವ ಎಸ್‌ಎಂಎಸ್ ಎಲ್ಲ ಅವರಿಗೆ ಹೋಗುತ್ತದೆ. ನಾನು ಒಟಿಪಿಯನ್ನು ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೇ ಅವರಿಗೆ ಇರಲಿಲ್ಲ. ಒಟಿಪಿ ಹೇಳದಿದ್ದರೆ ಸಾಕು ಅಂತ ನಾವೆಲ್ಲ ಧೈರ್ಯವಾಗಿರುತ್ತೇವಲ್ಲ, ಅದು ಸಾಲದು. ಇನ್ನೊಂದು ಗುರುತು ನನ್ನ ಕಣ್ಣ ಮುಂದೆಯೇ ಇತ್ತು. ಮೆಸೇಜ್ ಬಂದದ್ದು ಹತ್ತು ಅಂಕಿಯ ಸಾಮಾನ್ಯ ಮೊಬೈಲ್ ನಂಬರಿನಿಂದ. ಕಂಪನಿ, ಬ್ಯಾಂಕುಗಳ ಎಸ್‌ಎಂಎಸ್ ಬರುವುದು ಅಕ್ಷರಗಳ ಹೆಸರಿನಿಂದ, ಈಗ ಅದರ ಕೊನೆಗೆ ಎಸ್, ಟಿ, ಪಿ, ಜಿ ಅಂತ ಒಂದು ಅಕ್ಷರವೂ ಇರುತ್ತದೆ. ಬ್ಯಾಂಕಿನ ಸೇವೆಯ ಕರೆಗಳಿಗೆ 1600ರಿಂದ ಶುರುವಾಗುವ ನಂಬರ್ ಕೊಟ್ಟಿದ್ದಾರೆ.

ಹಣ ಹೋಗುತ್ತಿದೆ ಅಂತ ನನಗೆ ಗೊತ್ತಾದದ್ದು ಫೋನಿನಿಂದ ಅಲ್ಲ. ಬ್ಯಾಂಕಿನ ಒಂದು ಎಸ್‌ಎಂಎಸ್ಸೂ ನನಗೆ ಕಾಣಿಸಲಿಲ್ಲ. ಭಜನೆ ಕೇಳಲು ಮಗಳು ಕೊಟ್ಟ ಹಳೆಯ ಟ್ಯಾಬ್ ಇದೆ, ಅದರಲ್ಲಿ ನನ್ನ ಇಮೇಲ್ ತೆರೆದಿರುತ್ತದೆ. 5:22ಕ್ಕೆ ಅದು ಟಿಂಗ್ ಅಂತು. ನೋಡಿದರೆ ನಿಮ್ಮ ಎಫ್‌ಡಿ ಅವಧಿಗೆ ಮೊದಲೇ ಮುಚ್ಚಲಾಗಿದೆ ಅಂತ ಇಮೇಲ್. ಅದರ ಮೇಲೆ ಇನ್ನೂ ಮೂರು. 99,000. 99,000. 48,500. ಹೊಟ್ಟೆಯಲ್ಲಿ ಏನೋ ಕಳಚಿ ಬಿದ್ದ ಹಾಗಾಯಿತು.

ಇಲ್ಲಿಂದ ಮುಂದಿನ 19 ನಿಮಿಷದ ಬಗ್ಗೆ ಬರೆಯಲು ನನಗೆ ಕಷ್ಟ. ಆದರೆ ಬರೆಯಬೇಕು. ಮೊದಲು ಆ ಮನುಷ್ಯನಿಗೇ ಫೋನ್ ಮಾಡಿ ಅಣ್ಣಾ, ಏನೋ ತಪ್ಪಾಗಿದೆ ಅಂದೆ. ಕಟ್ ಮಾಡಿದ. ಆಮೇಲೆ ಬ್ಯಾಂಕಿನ ಕಸ್ಟಮರ್ ಕೇರ್ ನಂಬರನ್ನು ಟ್ಯಾಬ್‌ನಲ್ಲಿ ಹುಡುಕಿದೆ. ಮೊದಲು ಕಂಡ ನಂಬರಿಗೆ ಹಚ್ಚಿದರೆ ಅವನೂ ಒಂದು ಆ್ಯಪ್ ಹಾಕಿಕೊಳ್ಳಿ ಅಂದ. ಅಷ್ಟು ಹೊತ್ತಿಗೆ ನನಗೂ ಸ್ವಲ್ಪ ಎಚ್ಚರ ಬಂದಿತ್ತು, ಇಟ್ಟೆ. ಆಮೇಲೆ ಸುಮ್ನೆ ಅಡುಗೆಮನೆಯಲ್ಲಿ ನಿಂತಿದ್ದೆ. ಒಳಗಿನ ಕೋಣೆಯಲ್ಲಿ ಇವರು ಮಲಗಿದ್ದರು. ಹೇಳಿದರೆ ಎದೆಗೆ ಏನಾದರೂ ಆದೀತು ಅಂತ ಭಯ. ಅದಕ್ಕಿಂತ ಜಾಸ್ತಿ ನಾಚಿಕೆ. ಸಾವಿರಾರು ಮಕ್ಕಳಿಗೆ ಪಾಠ ಹೇಳಿದವಳು ನಾನು, ಹೀಗೆ ಮೋಸ ಹೋದೆನಲ್ಲ ಅಂತ.

ಕೊನೆಗೆ ಎಬ್ಬಿಸಿದೆ. ಹೇಳಿದೆ. ಅವರು ಬೈಯಲಿಲ್ಲ. ಎದ್ದು ಕೂತು, ಕನ್ನಡಕ ಹಾಕಿಕೊಂಡು, ಕಪಾಟಿನಿಂದ ಉದ್ದದ ಲೆಕ್ಕದ ಪುಸ್ತಕ ತೆಗೆದರು. ಗಲ್ಲೆ ಬಿಟ್ಟು ಹನ್ನೊಂದು ವರ್ಷವಾದರೂ ಮನೆಯ ಹಾಲು, ಪೇಪರು, ಔಷಧಿ ಎಲ್ಲ ಅದರಲ್ಲೇ ಬರೆಯುತ್ತಾರೆ. ಹೊಸ ಪುಟ ತಿರುಗಿಸಿ ಗೆರೆ ಎಳೆದು, "ಮೊದಲ ಫೋನು ಎಷ್ಟು ಗಂಟೆಗೆ?" ಅಂತ ಕೇಳಿದರು. ಕೈ ನಡುಗುತ್ತಿತ್ತು. ಆದರೂ ಅಕ್ಷರ ನೇರವಾಗಿತ್ತು.

ಇವರ ಫೋನಿನಿಂದ, ಕಾರ್ಡಿನ ಹಿಂದೆ ಅಚ್ಚಾದ ನಂಬರಿಗೆ 5:41ಕ್ಕೆ ಕರೆ ಮಾಡಿದೆವು. ಒಂದು ಒತ್ತಿ, ಎರಡು ಒತ್ತಿ ಅಂತೆಲ್ಲ ದಾಟಿ ಮನುಷ್ಯರ ದನಿ ಸಿಕ್ಕಿತು. ಮೋಸವಾಗಿದೆ, ಮೂರು ಸಲ ಹಣ ಹೋಗಿದೆ ಅಂದೆ. "ಕಾರ್ಡ್ ಬ್ಲಾಕ್ ಮಾಡಿದ್ದೇನೆ ಮೇಡಂ" ಅಂತ ದೂರಿನ ನಂಬರ್ ಹೇಳಿದಳು. ಇವರು ಬರೆದುಕೊಂಡು ಪಕ್ಕದಲ್ಲಿ 5:46 ಅಂತ ಹಾಕಿದರು. ನಾವು ಉಸಿರು ಬಿಟ್ಟೆವು. 5:58ಕ್ಕೆ ಟ್ಯಾಬ್ ಮತ್ತೆ ಟಿಂಗ್ ಅಂತು. ಇನ್ನೂ 40,000.

ಬ್ಲಾಕ್ ಆದದ್ದು ಕಾರ್ಡ್ ಮಾತ್ರ. ಅವರು ನಮ್ಮ ಕಾರ್ಡಿನ ವಿವರದಿಂದ ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಬದಲಿಸಿಕೊಂಡಿದ್ದರು. ಹಣ ಹೋಗುತ್ತಿದ್ದದ್ದು ಆ ಬಾಗಿಲಿನಿಂದ. ಆದ್ದರಿಂದ ಇದೊಂದು ನೆನಪಿಡಿ: ಕಾರ್ಡ್ ಬ್ಲಾಕ್ ಮಾಡಿ ಅಂತಷ್ಟೇ ಕೇಳಿ ಸುಮ್ಮನಾಗಬೇಡಿ. ಕಾರ್ಡ್, ನೆಟ್ ಬ್ಯಾಂಕಿಂಗ್, ಮೊಬೈಲ್ ಬ್ಯಾಂಕಿಂಗ್, ಯುಪಿಐ ಎಲ್ಲ ನಿಲ್ಲಿಸಿ, ಖಾತೆಗೆ ಡೆಬಿಟ್ ಫ್ರೀಜ್ ಹಾಕಿ ಅಂತ ಕೇಳಿ. ಡೆಬಿಟ್ ಫ್ರೀಜ್ ಅಂದರೆ ಖಾತೆಯಿಂದ ಹಣ ಹೊರಗೆ ಹೋಗದ ಹಾಗೆ ತಡೆ. ಆ ಎರಡು ಪದ ಅವರಿಗೆ ಕೂಡಲೇ ಅರ್ಥವಾಗುತ್ತದೆ. ನಾವು ಎರಡನೇ ಸಲ ಫೋನ್ ಮಾಡಿದಾಗ ಕಲಿತ ಪದ ಅದು. ಒಟ್ಟು ಹೋದದ್ದು 2,86,500.

ನಡುವೆ 1930ಕ್ಕೆ ಪ್ರಯತ್ನಿಸುತ್ತಲೇ ಇದ್ದೆವು. ಇದು ಇಡೀ ದೇಶಕ್ಕೆ ಇರುವ ಸೈಬರ್ ಮೋಸದ ಸಹಾಯವಾಣಿ. ಆರು ಸಲ ಬಿಜಿ. ಏಳನೇ ಸಲ, 6:12ಕ್ಕೆ ಸಿಕ್ಕಿತು. ಬಿಜಿ ಅಂತ ಬಿಡಬೇಡಿ. ಅವರು ಕೇಳುವುದು ನಿಮ್ಮ ಹೆಸರು, ಬ್ಯಾಂಕು, ಖಾತೆ ನಂಬರ್, ಪ್ರತಿ ಸಲ ಹೋದ ಮೊತ್ತ, ಹೊತ್ತು, ಮತ್ತು ಪ್ರತಿಯೊಂದರ ಯುಟಿಆರ್ ಅಥವಾ ರೆಫರೆನ್ಸ್ ನಂಬರ್. ನಮ್ಮ ಹತ್ತಿರ ಆ ನಂಬರ್ ಇರಲಿಲ್ಲ. ಇಮೇಲ್‌ನಲ್ಲಿ ಪುಟ್ಟ ಅಕ್ಷರದಲ್ಲಿ ಇತ್ತು, ಭೂತಗನ್ನಡಿ ಹಿಡಿದು ಓದಿ ಹೇಳಿದೆ. ಆ ನಂಬರ್ ಹಿಡಿದೇ ಅವರು ಹಣ ಯಾವ ಖಾತೆಗೆ ಹೋಯಿತು, ಅಲ್ಲಿಂದ ಯಾವ ಖಾತೆಗೆ ಹೋಯಿತು ಅಂತ ಬೆನ್ನು ಹತ್ತುವುದು. ಎಲ್ಲಿ ಉಳಿದಿದೆಯೋ ಅಲ್ಲಿ ತಡೆ ಹಾಕಿಸುತ್ತಾರೆ. ಅದಕ್ಕೆ ಲೀನ್ ಅನ್ನುತ್ತಾರೆ, ಹೋಲ್ಡ್ ಅಂತಲೂ ಹೇಳುತ್ತಾರೆ. ಎಟಿಎಂನಿಂದ ತೆಗೆದುಬಿಟ್ಟರೆ ಮುಗಿಯಿತು.

ಕರೆ ಮುಗಿದ ಮೇಲೆ ಒಂದು ಅಕ್ನಾಲೆಜ್‌ಮೆಂಟ್ ನಂಬರ್ ಕೊಟ್ಟರು. 24 ಗಂಟೆಯೊಳಗೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲಿ ದೂರನ್ನು ಪೂರ್ತಿ ಮಾಡಬೇಕು ಅಂದರು. ಅದನ್ನು ಮಗಳು ಪುಣೆಯಿಂದಲೇ ರಾತ್ರಿ ಕೂತು ಮಾಡಿದಳು. ಅವಳಿಗೆ ಹೇಳುವಾಗ ನಾನು ಅತ್ತುಬಿಟ್ಟೆ. "ಅಮ್ಮ, ನಿನ್ನ ತಪ್ಪಲ್ಲ ಇದು. ಮೊದಲು ಸ್ಕ್ರೀನ್‌ಶಾಟ್ ಕಳ್ಸು" ಅಂದಳು.

ಫೋನಿನ ವಿಷಯದಲ್ಲಿ ಒಂದು ದೊಡ್ಡ ತಪ್ಪು ಕೂದಲೆಳೆಯಲ್ಲಿ ತಪ್ಪಿತು. ಆ ಚಾಟ್ ನೋಡಿದರೆ ಮೈ ಉರಿಯುತ್ತಿತ್ತು, ಎಲ್ಲ ಅಳಿಸಿ ಫೋನ್ ರಿಸೆಟ್ ಮಾಡಿಬಿಡುತ್ತೇನೆ ಅಂತ ಹೊರಟಿದ್ದೆ. ಕೆಳಗಿನ ಮನೆಯ ಹುಡುಗ ಕಂಪ್ಯೂಟರ್ ಕೆಲಸದವನು, ಅವನು ತಡೆದ. "ಆಂಟಿ, ಏರೋಪ್ಲೇನ್ ಮೋಡ್‌ಗೆ ಹಾಕಿ ಇಟ್ಟುಬಿಡಿ. ಅಳಿಸಿದರೆ ಸಾಕ್ಷಿ ಹೋಗುತ್ತೆ" ಅಂದ. ಇನ್ನೊಂದು ಫೋನಿನಿಂದ ಆ ಮೆಸೇಜು, ಕರೆಯ ಪಟ್ಟಿ, ಆ್ಯಪಿನ ಹೆಸರು ಎಲ್ಲದರ ಫೋಟೋ ತೆಗೆದುಕೊಟ್ಟ. ನನಗೆ ಬರುವ ಕರೆಗಳೂ ಯಾವುದೋ ನಂಬರಿಗೆ ಫಾರ್ವರ್ಡ್ ಆಗಿದ್ದವು. ನಮ್ಮ ಮೊದಲ ದೂರಿನ ಮೇಲೆ ಬ್ಯಾಂಕಿನವರು ನನ್ನ ನಂಬರಿಗೆ ವಾಪಸ್ ಕರೆ ಮಾಡಿದ್ದರಂತೆ. ಅದು ನನಗೆ ಬರಲೇ ಇಲ್ಲ. ಹ್ಯಾಶ್ ಎರಡು ಸಲ, 002, ಮತ್ತೆ ಹ್ಯಾಶ್ ಒತ್ತಿ ಡಯಲ್ ಮಾಡಿದರೆ ಫಾರ್ವರ್ಡ್ ಎಲ್ಲ ರದ್ದಾಗುತ್ತದೆ. ಪೊಲೀಸರು ಫೋನ್ ನೋಡಿ ಸಾಕು ಅಂದ ಮೇಲೆ ರಿಸೆಟ್ ಮಾಡಿಸಿದೆವು.

ಆ ರಾತ್ರಿಯೇ ಹತ್ತಿರದ ಪೊಲೀಸ್ ಠಾಣೆಗೆ ಹೋದೆವು. ಮಳೆಯಲ್ಲಿ ಆಟೋ ಸಿಗದೆ ನಡೆದೇ ಹೋದೆವು. ಒಂದೂವರೆ ಗಂಟೆ ಬೆಂಚಿನ ಮೇಲೆ ಕೂತ ಮೇಲೆ, ಇದು ಸೈಬರ್‌ನವರ ಕೆಲಸ, ನಾಳೆ ಅಲ್ಲಿಗೆ ಹೋಗಿ ಅಂದರು. ನಮಗೆ ಆಗ ಗೊತ್ತಿರಲಿಲ್ಲ. ಈಗಿನ ಕಾನೂನಿನಲ್ಲಿ, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 173ನೇ ಕಲಮಿನಲ್ಲಿ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಎಫ್‌ಐಆರ್ ಪ್ರತಿಯನ್ನೂ ಪುಕ್ಕಟೆ ಕೊಡಬೇಕು. ಗೊತ್ತಿದ್ದರೆ ಶಾಂತವಾಗಿ ಅಷ್ಟು ಹೇಳುತ್ತಿದ್ದೆವು.

ಮರುದಿನ ಬ್ಯಾಂಕ್, ಅದರ ಮರುದಿನ ಸೈಬರ್ ಠಾಣೆ. ಬೇಕಾದ ಕಾಗದ ಇವು: ಬ್ಯಾಂಕಿನ ಸೀಲು, ಸಹಿ ಇರುವ ಸ್ಟೇಟ್‌ಮೆಂಟ್, ಆಧಾರ್ ಮತ್ತು ಪ್ಯಾನ್ ನಕಲು, ಸ್ಕ್ರೀನ್‌ಶಾಟ್‌ಗಳ ಪ್ರಿಂಟು, 1930ರ ಅಕ್ನಾಲೆಜ್‌ಮೆಂಟ್, ನಡೆದದ್ದನ್ನೆಲ್ಲ ಹೊತ್ತು ಸಮೇತ ಬರೆದ ಅರ್ಜಿ. ಆ ಪ್ರಿಂಟುಗಳು ನನ್ನ ಫೋನಿನಿಂದಲೇ ಬಂದವು ಅಂತ ಒಂದು ಪ್ರಮಾಣಪತ್ರಕ್ಕೂ ಸಹಿ ಹಾಕಿಸಿಕೊಂಡರು. ಅರ್ಜಿ ಮರಾಠಿಯಲ್ಲಿದ್ದರೆ ಕೆಲಸ ಬೇಗ ಆಗುತ್ತದೆ. ನನಗೆ ಓದಲು ಬರುತ್ತದೆ, ಹಾಗೆ ಬರೆಯುವ ರೂಢಿ ಇಲ್ಲ. ಪಕ್ಕದ ಮನೆಯವರು ಬರೆದುಕೊಟ್ಟರು. ಎಲ್ಲದರ ನಾಲ್ಕು ನಾಲ್ಕು ಪ್ರತಿ ಮೊದಲೇ ಮಾಡಿಸಿಟ್ಟುಕೊಳ್ಳಿ.

ನನ್ನ ಜಬಾಬು, ಅಂದರೆ ಹೇಳಿಕೆ, ಬರೆದುಕೊಂಡ ಹುಡುಗಿ, ಕಾನ್‌ಸ್ಟೇಬಲ್, ನನ್ನ ಮಗಳಿಗಿಂತ ಚಿಕ್ಕವಳು. ನಾನು ಹೇಳುತ್ತಾ ಹೇಳುತ್ತಾ ನಿಂತುಬಿಟ್ಟೆ. ಅವಳು ಟೈಪ್ ಮಾಡುವುದು ಬಿಟ್ಟು ನೀರು ತಂದುಕೊಟ್ಟು, "ಕಾಕೂ, ಬೆಳಗಿನಿಂದ ನಿಮ್ಮ ಹಾಗೆ ಬಂದವರಲ್ಲಿ ಒಬ್ಬರು ಡಾಕ್ಟರು, ಒಬ್ಬರು ಬ್ಯಾಂಕಿನಲ್ಲೇ ಇದ್ದವರು" ಅಂದಳು. ಆ ಮಾತಿನ ಉಪಕಾರ ನಾನು ಮರೆಯುವುದಿಲ್ಲ. ಎಫ್‌ಐಆರ್ ಆದದ್ದು ಆಗಸ್ಟ್ 2ಕ್ಕೆ. ಅಲ್ಲಿಯವರೆಗೆ ಐದು ಸಲ ಹೋದೆವು.

ಆಗಲೇ ಗೊತ್ತಾಯಿತು, ಎಷ್ಟು ಉಳಿದಿದೆ ಅಂತ. ಒಂದು ಖಾತೆಯಲ್ಲಿ 61,400, ಇನ್ನೊಂದರಲ್ಲಿ 83,000, ಮೂರನೆಯದರಲ್ಲಿ 12,500 ತಡೆದಿದ್ದರು. ಮೂರೂ ಬೇರೆ ಬೇರೆ ರಾಜ್ಯದ ಖಾತೆಗಳು. ಮೊದಲನೇ ಖಾತೆಯಿಂದ ಹಣ ಮುಂದೆ ಹೋಗಿ ಎಟಿಎಂನಲ್ಲಿ ತೆಗೆದದ್ದು 5:33 ಮತ್ತು 5:39ರ ನಡುವೆ ಅಂತ ಆ ಹುಡುಗಿ ಕಾಗದ ನೋಡಿ ಹೇಳಿದಳು. ನಾನು ಅಡುಗೆಮನೆಯಲ್ಲಿ ನಾಚಿಕೊಂಡು ನಿಂತಿದ್ದ ಹೊತ್ತು ಅದು. ಈಗಲೂ ರಾತ್ರಿ ಎಚ್ಚರವಾದರೆ ಆ ಆರು ನಿಮಿಷ ನೆನಪಾಗುತ್ತದೆ.

ಇನ್ನು ಬ್ಯಾಂಕಿನ ಕಥೆ. ಬರೆದು ಕೊಟ್ಟ ದೂರಿಗೆ ಆಗಸ್ಟ್ 25ಕ್ಕೆ ಉತ್ತರ ಬಂತು. ನೀವೇ ಆ್ಯಪ್ ಹಾಕಿಕೊಂಡಿದ್ದೀರಿ, ನೀವೇ ಪಿನ್ ಕೊಟ್ಟಿದ್ದೀರಿ, ನಮ್ಮ ಹೊಣೆ ಇಲ್ಲ, ಕೇಸ್ ಮುಚ್ಚಿದ್ದೇವೆ. ನಾಲ್ಕು ಸಾಲು. ಓದಿ ನಾನು ಸುಮ್ಮನಾದೆ. ನಿಜ ತಾನೇ, ನಾನೇ ಕೊಟ್ಟದ್ದು. ಇವರು ಸುಮ್ಮನಾಗಲಿಲ್ಲ. ಪುಸ್ತಕ ತೆಗೆದು, "5:46ಕ್ಕೆ ಹೇಳಿದ್ದೇವೆ. 40,000 ಹೋದದ್ದು 5:58ಕ್ಕೆ. ಅದು ಹೇಗೆ ನಮ್ಮ ಹೊಣೆ?" ಅಂದರು. ಮಗಳು ರಿಸರ್ವ್ ಬ್ಯಾಂಕಿನ ಸುತ್ತೋಲೆ ಹುಡುಕಿದಳು, 2017ರ ಜುಲೈ 6ರದ್ದು. ಅದರಲ್ಲಿ ಸ್ಪಷ್ಟವಾಗಿದೆ. ಗ್ರಾಹಕರ ಅಜಾಗರೂಕತೆಯಿಂದಲೇ ಹಣ ಹೋಗಿದ್ದರೂ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಮಾತ್ರ ಗ್ರಾಹಕರದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು.

ಬ್ಯಾಂಕು ದೂರು ತಳ್ಳಿಹಾಕಿದರೆ, ಇಲ್ಲವೇ 30 ದಿನವಾದರೂ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು. ಆನ್‌ಲೈನ್‌ನಲ್ಲೇ ಆಗುತ್ತದೆ. ಫೀಸಿಲ್ಲ, ವಕೀಲರು ಬೇಡ. ಮಾಹಿತಿಗೆ 14448. ಆಗಸ್ಟ್ 28ಕ್ಕೆ ಕೊಟ್ಟೆವು. ಲೆಕ್ಕದ ಪುಸ್ತಕದ ಆ ಪುಟದ ಫೋಟೋ, ಇವರ ಫೋನಿನ ಕರೆ ಪಟ್ಟಿ, ಎರಡೂ ಲಗತ್ತಿಸಿ, 5:41ರ ಕರೆಯ ರೆಕಾರ್ಡಿಂಗ್ ತರಿಸಿ ನೋಡಿ ಅಂತ ಬರೆದೆವು. ಇಡೀ 2,86,500 ಕೇಳಲಿಲ್ಲ. 40,000 ಮಾತ್ರ ಕೇಳಿದೆವು. ನವೆಂಬರ್ 20ಕ್ಕೆ ಬ್ಯಾಂಕೇ ಆ 40,000 ಖಾತೆಗೆ ಹಾಕಿತು. ಒಂದು ಪುಟದ ಕೈಬರಹಕ್ಕೆ ಅಷ್ಟು ಬೆಲೆ ಇದೆ ಅಂತ ನಾನು ಅಂದುಕೊಂಡಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಇನ್ನೊಂದು ಗಂಡಾಂತರ ಬಂದಿತ್ತು. ದಿಲ್ಲಿ ಸೈಬರ್ ಸೆಲ್‌ನಿಂದ ಅಂತ ಫೋನು. ನನ್ನ ಹೆಸರು, ಹೋದ ಮೊತ್ತ ಎಲ್ಲ ಸರಿಯಾಗಿ ಹೇಳಿದ. ಹಣ ಸಿಕ್ಕಿದೆ, ಬಿಡಿಸಲು ಫೈಲ್ ಚಾರ್ಜ್ 4,800 ಕಟ್ಟಿ ಅಂದ. ನಿಜ ಹೇಳುತ್ತೇನೆ, ನನ್ನ ಕೈ ಕಟ್ಟಲು ಹೊರಟೇಬಿಟ್ಟಿತ್ತು. ಹೋದದ್ದು ಬರುತ್ತದೆ ಅಂದರೆ ಮನಸ್ಸು ಏನನ್ನಾದರೂ ನಂಬುತ್ತದೆ. ಇವರು ಫೋನ್ ತಗೊಂಡು, ನಾಳೆ ನಮ್ಮ ಠಾಣೆಗೇ ಹೋಗಿ ಕೇಳಿ ಕಟ್ಟುತ್ತೇವೆ ಅಂದರು. ಅಲ್ಲಿಗೆ ಆ ಕರೆ ಕಟ್ ಆಯಿತು. ಒಮ್ಮೆ ಮೋಸ ಹೋದವರ ವಿವರ ಇಂಥವರ ಕೈಯಿಂದ ಕೈಗೆ ದಾಟುತ್ತದೆ ಅಂತ ಠಾಣೆಯಲ್ಲಿ ಹೇಳಿದರು. ಪೊಲೀಸರು ಹಣ ಬಿಡಿಸಲು ಫೋನಿನಲ್ಲಿ ಫೀಸು ಕೇಳುವುದಿಲ್ಲ. ವಿಡಿಯೋ ಕಾಲ್‌ನಲ್ಲಿ ಯಾರನ್ನೂ ಅರೆಸ್ಟ್ ಮಾಡುವುದೂ ಇಲ್ಲ, ಡಿಜಿಟಲ್ ಅರೆಸ್ಟ್ ಅನ್ನುವುದು ಕಾನೂನಿನಲ್ಲೇ ಇಲ್ಲ. ಅಂಥ ನಂಬರುಗಳನ್ನು ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಪೋರ್ಟಲ್‌ನ ಚಕ್ಷು ಅನ್ನುವ ಕಡೆ ತಿಳಿಸಬಹುದು. ಅದೇ ಪೋರ್ಟಲ್‌ನಲ್ಲಿ ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತಲೂ ನೋಡಿಕೊಂಡೆವು.

ತಡೆದಿಟ್ಟ ಹಣ ತಾನಾಗಿ ಬರುತ್ತದೆ ಅಂತ ನಾವು ಅಕ್ಟೋಬರ್‌ವರೆಗೆ ಕಾದೆವು. ಹಾಗಲ್ಲ. ನಮ್ಮ ಕೇಸಿನಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟಿನ ಆದೇಶ ಬೇಕಾಯಿತು. ಬಿಎನ್‌ಎಸ್‌ಎಸ್‌ನ 503ನೇ ಕಲಮಿನ ಕೆಳಗೆ ಅರ್ಜಿ. ವಕೀಲರು 9,000 ತಗೊಂಡರು. ಕೋರ್ಟು ಪೊಲೀಸರ ಅಭಿಪ್ರಾಯ ಕೇಳುತ್ತದೆ, ಇಲ್ಲಿ ಅದಕ್ಕೆ "ಸೇ" ಅನ್ನುತ್ತಾರೆ. ಆ ಸೇ ಬರಲು ಮೂರು ತಾರೀಕು ಹೋದವು. ಮತ್ತೆ ಬೇಕಾದರೆ ಹಣ ತಿರುಗಿ ಕೊಡುತ್ತೇನೆ ಅಂತ ಬಾಂಡ್ ಬರೆದುಕೊಡಬೇಕು. ಅದಕ್ಕೆ ಸ್ಟ್ಯಾಂಪ್ ಪೇಪರ್ 500, ನೋಟರಿ 300. ಜೆರಾಕ್ಸು, ಪ್ರಿಂಟು ಸೇರಿ 640 ಅಂತ ಇವರ ಪುಸ್ತಕದಲ್ಲಿದೆ. ಎಫ್‌ಡಿ ಅವಧಿಗೆ ಮೊದಲೇ ಒಡೆದದ್ದಕ್ಕೆ ಕಡಿತವಾದ ಬಡ್ಡಿ ಬೇರೆ.

ಜನವರಿ 19ಕ್ಕೆ ಆದೇಶವಾಯಿತು. ಸಂತೋಷದಿಂದ ಬ್ಯಾಂಕಿಗೆ ಕಳಿಸಿದರೆ ತಿರುಗಿ ಬಂತು. ಆದೇಶದಲ್ಲಿ ನನ್ನ ಖಾತೆ ನಂಬರಿನ ಒಂದು ಅಂಕಿ ತಪ್ಪಾಗಿತ್ತು. 8 ಇರಬೇಕಾದಲ್ಲಿ 3. ಅದನ್ನು ತಿದ್ದಿಸಲು ಮತ್ತೆ ಅರ್ಜಿ, 24 ದಿನ. ಆದೇಶದ ಪ್ರತಿ ಕೈಗೆ ಬಂದಾಗ ಅಲ್ಲೇ ನಿಂತು, ಪಾಸ್‌ಬುಕ್ ಪಕ್ಕದಲ್ಲಿ ಹಿಡಿದು, ಎರಡೂ ಕಡೆಯ ಖಾತೆ ನಂಬರ್, ಐಎಫ್‌ಎಸ್‌ಸಿ, ಮೊತ್ತ ಅಂಕಿ ಅಂಕಿಯಾಗಿ ಓದಿ ನೋಡಿ. ಇದಕ್ಕೆ ಹತ್ತು ನಿಮಿಷ ಸಾಕಿತ್ತು. ಆಮೇಲೆ 61,400 ಫೆಬ್ರವರಿ ಕೊನೆಗೆ ಬಂತು, 83,000 ಮಾರ್ಚ್ 11ಕ್ಕೆ.

12,500ರದ್ದು ಬೇರೆ ಕಥೆ. ಆ ಖಾತೆ ಒಂದು ಸಣ್ಣ ಮೊಬೈಲ್ ಅಂಗಡಿಯದು. ಮೋಸಗಾರರು ಅಲ್ಲಿ ಒಂದು ಫೋನ್ ಕೊಂಡು ನಮ್ಮ ಹಣದಿಂದ ಕೊಟ್ಟಿದ್ದರು. ಅಂಗಡಿಯವರು ಬಿಲ್ ಹಿಡಿದುಕೊಂಡು ಅಲ್ಲಿಯ ಠಾಣೆಗೆ ನಮ್ಮ ಹಾಗೇ ಅಲೆಯುತ್ತಿದ್ದಾರೆ ಅಂತ ಆ ಕಾನ್‌ಸ್ಟೇಬಲ್ ಹುಡುಗಿ ಹೇಳಿದಳು. ವಕೀಲರು ಅದನ್ನೂ ಅರ್ಜಿಯಲ್ಲಿ ಸೇರಿಸೋಣ ಅಂದರು. ನಾನು ಇವರ ಮುಖ ನೋಡಿದೆ. "ಗಿರಾಕಿ ಕೊಟ್ಟ ದುಡ್ಡು ಎಲ್ಲಿಂದ ಬಂತು ಅಂತ ಗಲ್ಲೆಯಲ್ಲಿ ಕೂತವನಿಗೆ ಹೇಗೆ ಗೊತ್ತಾಗಬೇಕು? ಬೇಡ, ಬಿಡಿ" ಅಂದರು. ಬಿಟ್ಟೆವು.

ನಮ್ಮ ಭಜನಾ ಮಂಡಳಿಯಲ್ಲಿ ಈ ವಿಷಯವನ್ನು ನಾನು ಬಾಯಿಬಿಟ್ಟದ್ದು ಡಿಸೆಂಬರ್‌ನಲ್ಲಿ. ಮುಗಿಸುವಷ್ಟರಲ್ಲಿ ಇಬ್ಬರು ತಮಗೂ ಹೀಗೇ ಆಗಿದೆ ಅಂದರು. ಒಬ್ಬರಿಗೆ ಕೆವೈಸಿ ಅಂತ, ಒಬ್ಬರಿಗೆ ಮೊಮ್ಮಗನಿಗೆ ಅಪಘಾತ ಅಂತ. ಇಬ್ಬರೂ ಮನೆಯಲ್ಲಿ ಹೇಳಿಲ್ಲ. 1930ಕ್ಕೆ ಮಾಡಿಲ್ಲ. ಒಬ್ಬರ ಮಗ ಅದೇ ಮನೆಯಲ್ಲಿದ್ದಾನೆ. ನಾನು ಆ ಅಕ್ಕನ ಕೈ ಹಿಡಿದುಕೊಂಡು, ನಿಮ್ಮ ಮಗನಿಗೆ ಇವತ್ತೇ ಹೇಳಿ, ಬೇಕಾದರೆ ನಾನೂ ಬರುತ್ತೇನೆ ಅಂದೆ. ಹೋಗಿ ಬಂದೆ ಕೂಡ. ದೂರು ಕೊಡಿಸಿದೆವು.

ಮಾರ್ಚ್ 12ರ ಸಂಜೆ ಇವರು ಅದೇ ಪುಟ ತೆಗೆದರು. ಈಗ ಅದು ಒಂದು ಪುಟವಲ್ಲ, ಹದಿನೇಳು ಪುಟ. ಬಂದದ್ದು 1,84,400 ಅಂತ ಬರೆದು ಕೆಳಗೆ ಗೆರೆ ಎಳೆದರು. ಬೇರೆ ಸಾಲಿನಲ್ಲಿ, ಅಂಗಡಿಯವರದು 12,500. ಅದರ ಕೆಳಗೆ, ಬಾಕಿ 89,600. ಎಫ್‌ಐಆರ್ ನಂಬರನ್ನು ಪಕ್ಕದಲ್ಲಿ ಮತ್ತೊಮ್ಮೆ ಬರೆದು, ಮುಂದಿನ ಎಂಟ್ರಿಗೆ ಜಾಗ ಬಿಟ್ಟು ಪುಸ್ತಕ ಮುಚ್ಚಿದರು.